ಯಾವುದರ ಅರವತ್ತು ಪರ್ಸೆಂಟ್?

ನಮ್ಮ ಕಡೆ ಪರ್ಸೆಂಟೇಜ್ ಎಂಬ ಪದ ವರ್ಷಕ್ಕೊಮ್ಮೆ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ, ಮನೆಮನೆ ತಿರುಗುತ್ತದೆ. ‘ಎಷ್ಟ್ ಪರ್ಸೆಂಟೇಜ್ ಆತು?’ ಎಂದು ಕೇಳಿದವರಿಗೆ ಉತ್ತರ ಹೇಳಿದ ಮೇಲೆ ಅವರ ಮುಖ ನೋಡಬೇಕು. ಅಡತಿ ಅಂಗಡಿಯಲ್ಲಿ ಅದಕ್ಕೆ ಕಮಿಷನ್ ಎಂಬ ಅರ್ಥ. ರಾಜಕೀಯದಲ್ಲಿ ಬೇರೆ ಅರ್ಥ, ಅದು ಇಲ್ಲಿ ಬೇಡ. ನನಗೆ ಈ ಪದದ ಇನ್ನೊಂದು ಅರ್ಥ ತಿಳಿದದ್ದು ಕಡಗಂಚಿಯಲ್ಲಿ, ಬೆಂಚಿನ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ಕಬ್ಬಿಣದ ರಾಡ್ ಇಟ್ಟುಕೊಂಡಾಗ.

ಕಡಗಂಚಿ ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಇಲ್ಲೇ ಇರುವುದರಿಂದ ಹೊರಗಿನವರಿಗೂ ಊರಿನ ಹೆಸರು ಗೊತ್ತು. ಸುತ್ತ ಕಣ್ಣು ಹಾಯಿಸಿದಷ್ಟೂ ಎರೆಭೂಮಿ, ತೊಗರಿ ಹೊಲ, ಅದರ ನಡುವೆ ಎದ್ದು ನಿಂತ ದೊಡ್ಡ ಕಟ್ಟಡಗಳು. ನಾನು ಎಂ.ಎ. ಓದಲು ಅಲ್ಲಿಗೆ ಹೋದಾಗ ಮೊದಲು ಗೆದ್ದದ್ದು ಬಿಸಿಲು, ಆಮೇಲೆ ಬೇಸರ. ಸಂಜೆ ಐದಕ್ಕೆ ಕ್ಲಾಸು ಮುಗಿದರೆ ಪೇಟೆಗೆ ಹೋಗಿ ಬರುವಷ್ಟರಲ್ಲಿ ರಾತ್ರಿಯ ಊಟ ತಪ್ಪುತ್ತಿತ್ತು. ಹೀಗಾಗಿ ರಸ್ತೆ ಬದಿಯ ತಗಡಿನ ಶೆಡ್ಡೊಂದರಲ್ಲಿದ್ದ ಜಿಮ್ಮಿಗೆ ಹೋಗತೊಡಗಿದೆ. ಎರಡು ಬೆಂಚು, ಇಪ್ಪತ್ತು ಕಿಲೋದ ಎರಡು ರಾಡು, ಬಣ್ಣ ಹೋದ ಪ್ಲೇಟುಗಳು, ಗೋಡೆಗೊಂದು ಹನುಮಂತನ ಫೋಟೊ, ಪಕ್ಕದಲ್ಲೇ ಅರ್ನಾಲ್ಡನದೊಂದು. ಇಬ್ಬರ ಎದೆಯೂ ಒಂದೇ ಅಳತೆ.

ಆರು ತಿಂಗಳಲ್ಲಿ ನಾನು ನೂರು ಕಿಲೋ ಬೆಂಚ್ ಪ್ರೆಸ್ ಮಾಡುವವನಾದೆ. ಹಾಗಂತ ಹೇಳಿಕೊಂಡು ತಿರುಗಿದೆ. ಹಾಸ್ಟೆಲ್ಲಿನಲ್ಲಿ ಹೇಳಿದೆ, ಊರಿಗೆ ಫೋನ್ ಮಾಡಿ ಅಪ್ಪನಿಗೂ ಹೇಳಿದೆ. ಅಪ್ಪನಿಗೆ ನೂರು ಎಂದೇ ಹೇಳಬೇಕು ಎನಿಸುವುದಕ್ಕೆ ಕಾರಣವಿತ್ತು. ಅವನು ಇಪ್ಪತ್ತೆರಡು ವರ್ಷ ಕಲಬುರಗಿಯ ಗಂಜಿನಲ್ಲಿ ಹಮಾಲಿ ಮಾಡಿದವನು. ಕೆಲಸಕ್ಕೆ ಸೇರಿದ ಕಾಲಕ್ಕೆ ಒಂದು ಚೀಲವೆಂದರೆ ಒಂದು ಕ್ವಿಂಟಲ್, ಅಂದರೆ ನೂರು ಕಿಲೋ. ಆಮೇಲೆ ಐವತ್ತು ಕಿಲೋದ ಚೀಲ ಬಂತು. ಅಪ್ಪನ ಮೈತೂಕ ಯಾವತ್ತೂ ಐವತ್ತೆಂಟರ ಮೇಲೆ ಹೋದದ್ದಿಲ್ಲ. ‘ನಾನೂ ಒಂದ್ ಕ್ವಿಂಟಲ್ ಎತ್ತಿದ್ನಿ ಅಪ್ಪಾ’ ಎಂದಾಗ ಆ ಕಡೆಯಿಂದ, ‘ಛಲೋ ಆತು ತಮ್ಮಾ, ಸೊಂಟ ಜ್ವಾಕಿ’ ಎಂದಿದ್ದ. ಅಷ್ಟೇ.

ನಮ್ಮ ಊರುಗಳಲ್ಲಿ ಬಲದ ಲೆಕ್ಕ ಹೀಗೆಯೇ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಇಡುತ್ತಾರೆ, ಉಸುಕಿನ ಚೀಲ ಇಡುತ್ತಾರೆ. ಎತ್ತಿದರೆ ಎತ್ತಿದ, ಇಲ್ಲದಿದ್ದರೆ ಇಲ್ಲ. ಎತ್ತಿದವನಿಗೆ ಹಲಗಿ ಬಡಿಯುತ್ತಾರೆ, ಎತ್ತದವನು ಅಂಗಿ ಹಾಕಿಕೊಂಡು ಮಂದಿಯೊಳಗೆ ಸೇರಿಕೊಳ್ಳುತ್ತಾನೆ. ಕಲ್ಲಿಗೆ ಅರವತ್ತು ಪರ್ಸೆಂಟ್ ಎಂಬುದಿಲ್ಲ. ನಾನು ಜಿಮ್ಮಿಗೆ ಹೋದದ್ದೂ ಇದೇ ತಲೆಯಿಂದ. ದಿನಾ ಹೋಗುವುದು, ದಿನಾ ಎತ್ತಲಾಗುವಷ್ಟು ಎತ್ತುವುದು, ಆಗದಿದ್ದರೆ ಮರುದಿನ ಮತ್ತೆ ಅದೇ. ನೂರಾದ ಮೇಲಿನ ಐದು ತಿಂಗಳು ರಾಡಿಗೆ ಒಂದು ಕಿಲೋವೂ ಸೇರಲಿಲ್ಲ. ಎಡಭುಜದ ಮುಂಭಾಗದಲ್ಲಿ ಸಣ್ಣ ಸೆಳೆತ ಶುರುವಾಗಿತ್ತು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ.

ಆ ಶೆಡ್ಡಿಗೆ ಕೇರಳದ ಒಬ್ಬ ಸಂಶೋಧನಾ ವಿದ್ಯಾರ್ಥಿ ಬರುತ್ತಿದ್ದರು. ನಾವೆಲ್ಲ ಅವರನ್ನು ಚೇಟ್ಟಾ ಎನ್ನುತ್ತಿದ್ದೆವು. ಕಾಲೇಜು ದಿನಗಳಲ್ಲಿ ಪವರ್‌ಲಿಫ್ಟಿಂಗ್ ಮಾಡಿದವರು. ಅವರ ವಿಚಿತ್ರವೆಂದರೆ ಕೈಯಲ್ಲೊಂದು ನೋಟ್‌ಬುಕ್ ಇರುತ್ತಿತ್ತು ಮತ್ತು ಅವರು ಬಹಳ ಸಲ ನಮಗಿಂತ ಕಡಿಮೆ ತೂಕ ಎತ್ತುತ್ತಿದ್ದರು. ಒಮ್ಮೆ ಮಾತ್ರ, ಯಾರಿಗೂ ಹೇಳದೆ, ನೂರಾ ಇಪ್ಪತ್ತೈದು ಎತ್ತಿ, ನೋಟ್‌ಬುಕ್ಕಿನಲ್ಲಿ ಬರೆದು ಹೊರಟುಹೋದರು. ಮರುದಿನ ನಾನು ಅವರ ಹಿಂದೆ ಬಿದ್ದೆ.

ಅವರು ಒಂದು ಹಾಳೆಯಲ್ಲಿ ಪ್ರಿಲೆಪಿನ್ ಟೇಬಲ್ ಬರೆದುಕೊಟ್ಟರು. ಅಲೆಕ್ಸಾಂಡರ್ ಪ್ರಿಲೆಪಿನ್ ಸೋವಿಯತ್ ಕಾಲದ ವೇಟ್‌ಲಿಫ್ಟಿಂಗ್ ಕೋಚ್. ತೂಕವನ್ನು ಕಿಲೋದಲ್ಲಿ ನೋಡಬೇಡ, ನಿನ್ನ ಗರಿಷ್ಠದ ಶೇಕಡಾವಾರಿನಲ್ಲಿ ನೋಡು ಎನ್ನುವ ಲೆಕ್ಕ ಅದು. ಶೇ. 70ರಿಂದ 79ರ ತೂಕವಾದರೆ ಒಂದು ಸೆಟ್ಟಿಗೆ ಮೂರರಿಂದ ಆರು ಸಲ, ದಿನದ ಒಟ್ಟು ಹದಿನೆಂಟರ ಆಸುಪಾಸು. ಶೇ. 80ರಿಂದ 89 ಆದರೆ ಎರಡರಿಂದ ನಾಲ್ಕು ಸಲ, ಒಟ್ಟು ಹದಿನೈದು. ತೊಂಬತ್ತು ದಾಟಿದರೆ ಒಂದೋ ಎರಡೋ. ಪ್ರಿಲೆಪಿನ್ ಇದನ್ನು ಮಾಡಿದ್ದು ತಲೆಯ ಮೇಲೆ ಎತ್ತುವ ವೇಟ್‌ಲಿಫ್ಟರುಗಳಿಗೆ, ಬೆಂಚಿನವರು ಆಮೇಲೆ ಕಡ ತಂದುಕೊಂಡರು. ನನಗೆ ಬಲು ಖುಷಿಯಾಯಿತು. ಗರಿಷ್ಠ ನೂರಾದವನಿಗೆ ಶೇಕಡಾ ಲೆಕ್ಕ ಹಾಕಲು ಕ್ಯಾಲ್ಕುಲೇಟರೂ ಬೇಡ: ಶೇ. 80 ಎಂದರೆ ಎಂಬತ್ತು ಕಿಲೋ.

ಎರಡನೇ ವಾರಕ್ಕೇ ಕೆಟ್ಟಿತು. ಎಂಬತ್ತರಲ್ಲಿ ಮೂರು ಮೂರರಂತೆ ಐದು ಸೆಟ್ ಮಾಡಬೇಕಿತ್ತು. ಎರಡನೇ ಸೆಟ್ಟಿನಲ್ಲೇ ರಾಡ್ ಎದೆಯ ಮೇಲೆ ಕೂತುಬಿಟ್ಟಿತು. ಟೇಬಲ್ಲೇ ತಪ್ಪು ಎಂದೆ ನಾನು. ಚೇಟ್ಟಾ ನಕ್ಕು, ತಮ್ಮ ಮುರುಕು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಎಂಬತ್ತು ಪರ್ಸೆಂಟ್ ಸರಿ, ಆದರೆ ಯಾವುದರ ಎಂಬತ್ತು?

ಆವತ್ತು ಅವರು ನನ್ನ ಗರಿಷ್ಠವನ್ನು ಮತ್ತೆ ಅಳೆದರು. ಸ್ಪರ್ಧೆಯ ನಿಯಮದಂತೆ ಬೆಂಚ್ ಪ್ರೆಸ್ಸಿನಲ್ಲಿ ರಾಡ್ ಎದೆಗೆ ತಾಗಿ ಅಲುಗದೆ ನಿಲ್ಲಬೇಕು. ತೀರ್ಪುಗಾರ ‘ಪ್ರೆಸ್’ ಎಂದ ಮೇಲಷ್ಟೇ ಎತ್ತಬೇಕು. ಎತ್ತಿ ಕೈ ನೆಟ್ಟಗೆ ಮಾಡಿ, ‘ರ್‍ಯಾಕ್’ ಎಂದ ಮೇಲೆ ಇಡಬೇಕು. ಪೃಷ್ಠ ಬೆಂಚಿನಿಂದ ಏಳಬಾರದು. ನನ್ನ ನೂರರಲ್ಲಿ ಇದ್ಯಾವುದೂ ಇರಲಿಲ್ಲ. ನಾನು ರಾಡನ್ನು ಎದೆಯ ಮೇಲೆ ಚೆಂಡಿನಂತೆ ಪುಟಿಸುತ್ತಿದ್ದೆ, ಸೊಂಟ ಎತ್ತುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ, ತಲೆಯ ಹಿಂದೆ ನಿಂತು ಸಪೋರ್ಟ್ ಕೊಡುವ ಗೆಳೆಯ ‘ನಿಂದೇ ಐತಿ, ನಿಂದೇ ಐತಿ’ ಎನ್ನುತ್ತ ಎರಡು ಬೆರಳು ರಾಡಿನಡಿ ಇಟ್ಟಿರುತ್ತಿದ್ದ. ಆ ಎರಡು ಬೆರಳಿನಲ್ಲಿ ಎಷ್ಟು ಕಿಲೋ ಇರುತ್ತದೆ ಎಂದು ನನಗೆ ಅಂದು ಗೊತ್ತಾಯಿತು. ಬೆರಳಿಲ್ಲದೆ, ಪುಟಿಸದೆ, ಎದೆಯ ಮೇಲೆ ನಿಲ್ಲಿಸಿ ಎತ್ತಿದಾಗ ನನ್ನ ಗರಿಷ್ಠ ಎಂಬತ್ತೈದು.

ಹಾಳೆ ತೆಗೆದು ಲೆಕ್ಕ ನೋಡಿದೆ. ನಾನು ಶೇ. 80 ಎಂದು ಎತ್ತುತ್ತಿದ್ದ ಎಂಬತ್ತು ಕಿಲೋ ನಿಜದಲ್ಲಿ ನನ್ನ ಶೇ. 94. ಮುಂದಿನ ವಾರ ಬರಲಿದ್ದ ಶೇ. 85 ಎಂದರೆ ನನ್ನ ಪೂರ್ತಿ ಶಕ್ತಿ, ಅದನ್ನು ನಾನು ಮೂರು ಮೂರು ಸಲ ಎತ್ತಲು ಹೊರಟಿದ್ದೆ. ಐದು ತಿಂಗಳು ನಿಂತಲ್ಲೇ ನಿಂತದ್ದು, ಭುಜ ಸೆಳೆದದ್ದು, ಎಲ್ಲವೂ ಆ ಒಂದು ಅಂಕಿಯಿಂದ. ಶೇಕಡಾ ಲೆಕ್ಕದಲ್ಲಿ ಇದೊಂದು ಕಷ್ಟ. ಬುಡದ ಸಂಖ್ಯೆ ಸುಳ್ಳಾದರೆ ಮೇಲಿನದೆಲ್ಲ ಶಿಸ್ತಾಗಿ, ಕರಾರುವಾಕ್ಕಾಗಿ ಸುಳ್ಳಾಗುತ್ತದೆ. ಎಷ್ಟೋ ಪವರ್‌ಲಿಫ್ಟರುಗಳು ಇದಕ್ಕೇ ತಮ್ಮ ಗರಿಷ್ಠದಿಂದ ಇನ್ನೂ ಸ್ವಲ್ಪ ಕಳೆದು, ಆ ಕಡಿಮೆ ಅಂಕಿಯ ಮೇಲೆ ಲೆಕ್ಕ ಕಟ್ಟುತ್ತಾರಂತೆ. ಅಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಎಂಬತ್ತೈದನ್ನು ಎಂಬತ್ತೈದೆಂದು ಬರೆಯಲೇ ಎರಡು ದಿನ ಹಿಡಿಯಿತು.

ಆಮೇಲೆ ಬಂತು ಸ್ಪೀಡ್. ವಾರಕ್ಕೆ ಎರಡು ದಿನ ಬೆಂಚ್: ಒಂದು ದಿನ ಭಾರ, ಅದಾದ ಎಪ್ಪತ್ತೆರಡು ಗಂಟೆಗಳ ಮೇಲೆ ಇನ್ನೊಂದು ದಿನ ಹಗುರ ಆದರೆ ವೇಗ. ಗರಿಷ್ಠದ ಶೇ. 60, ಮೂರು ಸಲದಂತೆ ಎಂಟು ಸೆಟ್, ನಡುವೆ ಒಂದು ನಿಮಿಷಕ್ಕಿಂತ ಕಡಿಮೆ ವಿರಾಮ. ಇದನ್ನು ಹೆಸರುವಾಸಿ ಮಾಡಿದವರು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ವೆಸ್ಟ್‌ಸೈಡ್ ಬಾರ್ಬೆಲ್ ಎಂಬ ಜಿಮ್ ನಡೆಸುತ್ತಿದ್ದ ಲೂಯಿ ಸಿಮನ್ಸ್. 2022ರಲ್ಲಿ ತೀರಿಕೊಂಡರು. ಅವರಿಗೆ ವಿಚಾರ ಸಿಕ್ಕಿದ್ದು ಸೋವಿಯತ್ ಪುಸ್ತಕಗಳಿಂದ. ಬಲ ಬೆಳೆಸಲು ಮೂರು ದಾರಿ ಎಂದು ವ್ಲಾದಿಮಿರ್ ಝಟ್ಸಿಯೋರ್ಸ್ಕಿ ವಿಂಗಡಿಸಿದ್ದರು: ಗರಿಷ್ಠ ಭಾರ ಎತ್ತುವುದು, ಮಧ್ಯಮ ಭಾರವನ್ನು ಸುಸ್ತಾಗುವವರೆಗೆ ಎತ್ತುವುದು, ಗರಿಷ್ಠವಲ್ಲದ ಭಾರವನ್ನು ಗರಿಷ್ಠ ವೇಗದಲ್ಲಿ ಎತ್ತುವುದು. ಈ ಮೂರನೆಯದೇ ಸ್ಪೀಡ್.

ಇದರ ಹಿಂದೆ ಹೈಸ್ಕೂಲಿನ ಸೂತ್ರವೇ ಇದೆ, ಬಲವೆಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ತೂಕ ಹೆಚ್ಚಿಸಿಯೂ ಬಲ ಹಾಕಬಹುದು, ಹಗುರ ತೂಕವನ್ನು ಜೋರಾಗಿ ಚಿಮ್ಮಿಸಿಯೂ ಹಾಕಬಹುದು. ಭಾರ ಹೆಚ್ಚಿದಷ್ಟೂ ಸ್ನಾಯು ಸಂಕುಚಿಸುವ ವೇಗ ತಗ್ಗುತ್ತದೆ ಎಂದು ಇಂಗ್ಲೆಂಡಿನ ಎ.ವಿ. ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುವಿನ ಮೇಲೆ ಅಳೆದು ತೋರಿಸಿದ್ದರು. ಗರಿಷ್ಠ ತೂಕ ಯಾವತ್ತೂ ನಿಧಾನವೇ. ಆದರೆ ಎದೆಯಿಂದ ನಾಲ್ಕು ಬೆರಳು ಮೇಲೆ, ರಾಡ್ ಸಿಕ್ಕಿಬೀಳುವ ಒಂದು ಜಾಗ ಇರುತ್ತದಲ್ಲ, ಅಲ್ಲಿಗೆ ಅದು ಸ್ವಲ್ಪ ವೇಗ ಹೊತ್ತುಕೊಂಡು ಬಂದರೆ ದಾಟುತ್ತದೆ, ಇಲ್ಲದಿದ್ದರೆ ಇಲ್ಲ. ಕೆಸರಿಗೆ ಬಂಡಿ ಇಳಿಸುವ ಮುಂಚೆ ಎತ್ತು ಹುರಿದುಂಬಿಸಿದ ಹಾಗೆ.

ಕಷ್ಟವಿದ್ದದ್ದು ಭೌತಶಾಸ್ತ್ರದಲ್ಲಲ್ಲ, ನಾಚಿಕೆಯಲ್ಲಿ. ಎಂಬತ್ತೈದರ ಶೇ. 60 ಎಂದರೆ ಐವತ್ತೊಂದು. ನಮ್ಮ ಶೆಡ್ಡಿನಲ್ಲಿದ್ದ ಅತಿ ಸಣ್ಣ ಪ್ಲೇಟು ಎರಡೂವರೆ ಕಿಲೋದ್ದು, ಆದ್ದರಿಂದ ಐವತ್ತು. ಊರಿನ ಹೈಸ್ಕೂಲ್ ಹುಡುಗರು ಪಕ್ಕದ ಬೆಂಚಿನಲ್ಲಿ ಅರವತ್ತು ಹಾಕಿ ಒದ್ದಾಡುತ್ತಿದ್ದರೆ, ನಾನು, ನೂರರವನು, ಐವತ್ತು ಹಾಕಿಕೊಂಡು ಮೂರೇ ಸಲ ಎತ್ತಿ ಎದ್ದು ಕೂರಬೇಕು. ‘ಯಾಕಣ್ಣ, ಆರಾಮಿಲ್ಲೇನು?’ ಎಂದು ಒಬ್ಬ ಕೇಳಿಯೇಬಿಟ್ಟ. ಮೊದಲ ವಾರ ಸುಮ್ಮನೆ ಐದು ಕಿಲೋ ಜಾಸ್ತಿ ಹಾಕಿದೆ. ಚೇಟ್ಟಾ ಮೊಬೈಲಿನಲ್ಲಿ ವಿಡಿಯೊ ತೆಗೆದು ನಿಧಾನ ಮಾಡಿ ತೋರಿಸಿದರು. ಆರನೇ ಸೆಟ್ಟಿಗೆ ರಾಡ್ ಬಸವನಹುಳು. ಈ ಕೆಲಸದಲ್ಲಿ ಸೋಲುವುದೆಂದರೆ ತೂಕ ಬೀಳಿಸುವುದಲ್ಲ, ನಿಧಾನವಾಗುವುದು. ಕೊನೆಯ ಸಲ ಮೊದಲ ಸಲದಷ್ಟೇ ಚುರುಕಾಗಿರಬೇಕು. ಆಗದಿದ್ದರೆ ತೂಕ ಇಳಿಸಬೇಕು, ಏರಿಸಬಾರದು. ಇದು ನನ್ನ ಇಪ್ಪತ್ತಮೂರು ವರ್ಷದ ಬುದ್ಧಿಗೆ ತದ್ವಿರುದ್ಧವಾಗಿತ್ತು.

ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಹಗುರ ರಾಡನ್ನು ಜೋರಾಗಿ ಎತ್ತಿದರೆ ಕೊನೆಯಲ್ಲಿ ಅದನ್ನು ತಡೆಯಲೇಬೇಕಾಗುತ್ತದೆ, ಇಲ್ಲದಿದ್ದರೆ ಕೈಬಿಟ್ಟು ಹಾರುತ್ತದೆ. ಅದಕ್ಕೆ ವೆಸ್ಟ್‌ಸೈಡಿನವರು ರಾಡಿನ ಎರಡೂ ತುದಿಗೆ ದಪ್ಪ ಸರಪಳಿ ಇಳಿಬಿಡುತ್ತಿದ್ದರು. ರಾಡ್ ಕೆಳಗಿದ್ದಾಗ ಸರಪಳಿ ನೆಲದ ಮೇಲಿರುತ್ತದೆ, ಮೇಲೇರಿದಂತೆ ಒಂದೊಂದೇ ಕೊಂಡಿ ನೆಲಬಿಟ್ಟು ತೂಕ ಕೂಡುತ್ತದೆ. ನಾನು ಹುಮ್ಮಸ್ಸಿನಿಂದ ಊರಿನಿಂದ ಎಮ್ಮೆ ಕಟ್ಟುವ ಎರಡು ಸರಪಳಿ ತಂದೆ. ತೂಗಿದರೆ ಎರಡೂ ಸೇರಿ ಮೂರು ಕಿಲೋ. ಆ ರಾತ್ರಿ ಎಮ್ಮೆ ಹಗ್ಗ ಹರಿದುಕೊಂಡು ಪಕ್ಕದವರ ಜೋಳ ಮೇಯ್ದು, ಅವ್ವ ನನಗೆ ಫೋನಿನಲ್ಲೇ ಪೂಜೆ ಮಾಡಿದಳು.

ಐವತ್ತು ಕಿಲೋ. ಮೂರನೇ ವಾರದಲ್ಲೋ ಏನೋ, ಬೆಂಚಿನ ಮೇಲೆ ಮಲಗಿ ಎರಡೂ ಕಡೆ ಹತ್ತು, ಐದರ ಪ್ಲೇಟು ನೋಡುತ್ತಿದ್ದಾಗ ಇದು ಅಪ್ಪನ ಚೀಲ ಎಂದು ಹೊಳೆಯಿತು. ಗಂಜಿನ ಈಗಿನ ಚೀಲ ಸರಿಯಾಗಿ ಇಷ್ಟೇ. ನಾನು ಇಪ್ಪತ್ನಾಲ್ಕು ಸಲ ಎತ್ತುತ್ತೇನೆ, ಅಂದರೆ ಹನ್ನೆರಡು ಕ್ವಿಂಟಲ್. ಇನ್ನೂರು ಚೀಲದ ಲಾರಿ ಬಂದರೆ ಅಪ್ಪನ ಐದು ಮಂದಿಯ ಗುಂಪಿನಲ್ಲಿ ಒಬ್ಬೊಬ್ಬರಿಗೆ ನಲವತ್ತು ಚೀಲ, ಇಪ್ಪತ್ತು ಕ್ವಿಂಟಲ್. ಅದು ಒಂದು ಲಾರಿ. ತೊಗರಿ ಸುಗ್ಗಿಯಲ್ಲಿ ದಿನಕ್ಕೆ ಒಂದೇ ಲಾರಿ ಬರುವುದಿಲ್ಲ. ವೇಗವೂ ಅಲ್ಲಿತ್ತು. ಚೀಲದ ಲೆಕ್ಕದಲ್ಲಿ ಕೂಲಿ, ಹಿಂದೆ ಇನ್ನೊಂದು ಲಾರಿ ಹಾರ್ನ್ ಹೊಡೆಯುತ್ತಿರುತ್ತದೆ. ಎಪ್ಪತ್ತೆರಡು ಗಂಟೆಯ ವಿರಾಮ ಮಾತ್ರ ಇರಲಿಲ್ಲ.

1967ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಂದು ಶಿಫಾರಸು ಮಾಡಿತು: ವಯಸ್ಕ ಗಂಡಸೊಬ್ಬ ಕೈಯಾರೆ ಹೊರುವ ಭಾರ 55 ಕಿಲೋ ದಾಟಬಾರದು. ನಾನಿದನ್ನು ಲೈಬ್ರರಿಯಲ್ಲಿ ಓದಿದೆ. ಅಪ್ಪ ಅದೆಷ್ಟೋ ವರ್ಷಗಳ ನಂತರ ಗಂಜಿಗೆ ಹೋದವನು, ಹೊತ್ತದ್ದು ನೂರು. ಆದರೆ ನನ್ನ ತಲೆಯಲ್ಲಿ ಸಿಕ್ಕಿಕೊಂಡದ್ದು ಬೇರೆ. ಆ 55 ಎಲ್ಲ ಗಂಡಸರಿಗೂ ಒಂದೇ 55. ತೊಂಬತ್ತು ಕಿಲೋದ ಆಳಿಗೂ ಅಷ್ಟೇ, ಐವತ್ತೆಂಟು ಕಿಲೋದ ಅಪ್ಪನಿಗೂ ಅಷ್ಟೇ. ಯಾವುದರ ಎಷ್ಟು ಪರ್ಸೆಂಟ್ ಎಂದು ಕೇಳುವುದು ಕ್ರೀಡೆಯಲ್ಲಿ ಮಾತ್ರ ಸಾಧ್ಯ. ಅಲ್ಲಿ ತೂಕ ಮೈಗೆ ತಕ್ಕಂತೆ ಬದಲಾಗುತ್ತದೆ. ಗಂಜಿನಲ್ಲಿ ಚೀಲ ಚೀಲವೇ, ಮೈ ಅದಕ್ಕೆ ತಕ್ಕಂತೆ ಬದಲಾಗಬೇಕು. ಅಪ್ಪನ ಬಲಭುಜ ಹಾಗೆ ಬದಲಾಯಿತು. ನಲವತ್ತೇಳನೇ ವಯಸ್ಸಿಗೆ ಕೈ ಭುಜದ ಮಟ್ಟದಿಂದ ಮೇಲೆ ಹೋಗದಂತಾಗಿ, ಕೆಲಸ ಬಿಟ್ಟು ಊರಿಗೆ ಬಂದ. ಈಗ ಅಂಗಿ ಹಾಕಿಕೊಳ್ಳುವಾಗ ಬಲತೋಳು ಮೊದಲು ತೂರಿಸಿ ಆಮೇಲೆ ಎಡಗೈಯಿಂದ ಎಳೆದುಕೊಳ್ಳುತ್ತಾನೆ. ಜಾಗ್ರತೆ ಎಂದು ಹೇಳಲು ಆ ಫೋನಿನಲ್ಲಿ ಅವನು ಆರಿಸಿಕೊಂಡದ್ದು ಮಾತ್ರ ಸೊಂಟವನ್ನು.

ದಸರೆಗೆ ಊರಿಗೆ ಹೋದಾಗ ಹೇಳಿದೆ, ನೂರು ಸುಳ್ಳು, ಎಂಬತ್ತೈದು ಖರೆ ಎಂದು. ಅಪ್ಪ ತಂಬಾಕು ತಿಕ್ಕುವುದನ್ನು ನಿಲ್ಲಿಸಲಿಲ್ಲ. ‘ಹದಿನೈದು ಎಲ್ಲಿ ಹೋತು?’ ಎಂದ.

‘ದೋಸ್ತನ ಬಟ್ಟಿನಾಗ ಇತ್ತು.’

ನಕ್ಕ. ಆಮೇಲೆ ಸ್ಪೀಡಿನ ವಿಷಯ ಹೇಳಿದೆ, ಐವತ್ತನ್ನು ಹಗುರವಾಗಿದ್ದರೂ ಜೋರಾಗಿ ಎತ್ತುವುದು, ಸುಸ್ತಾಗುವ ಮೊದಲೇ ನಿಲ್ಲಿಸುವುದು. ಅದು ಅವನಿಗೆ ಸುತರಾಂ ಒಪ್ಪಿಗೆಯಾಗಲಿಲ್ಲ. ‘ಸುಸ್ತ ಆಗೂಕಿಂತ ಮದಲೇ ನಿಂದ್ರು ಅಂತ ಹೇಳೋ ಸಾಹುಕಾರ ಯಾವ್ ಊರಾಗ ಅದಾನೋ?’ ಎಂದು ಕೇಳಿದ.

‘ನಿನ್ನ ಪೂರಾ ತಾಕತ್ತು ಎಷ್ಟಿತ್ತಪ್ಪಾ? ಭಾಳಂದ್ರ ಎಷ್ಟು ಎತ್ತಿದ್ದಿ?’

ಸ್ವಲ್ಪ ಹೊತ್ತು ಯೋಚಿಸಿದ. ‘ಅದನ್ಯಾರ್ ನೋಡ್ಯಾರ. ಚೀಲ ಎಷ್ಟ್ ಇರ್ತಿತ್ತು ಅಷ್ಟು.’

ಹತ್ತು ವಾರ ಮಾಡಿದೆ. ಎಡಭುಜದ ಸೆಳೆತ ಐದನೇ ವಾರಕ್ಕೆ ಹೋಯಿತು, ಅದೇ ದೊಡ್ಡ ಲಾಭ. ನವೆಂಬರಿನಲ್ಲಿ ಒಂದು ಸಣ್ಣ ಬೆಂಚ್ ಪ್ರೆಸ್ ಸ್ಪರ್ಧೆಗೆ ಹೋದೆ, ಅರವತ್ತಾರು ಕಿಲೋದ ವರ್ಗ, ಮೂರು ಅವಕಾಶ. ನಾವು ಹೋದ ಹಾಲಿನಲ್ಲಿ ಗಾಲಿಕುರ್ಚಿಯಲ್ಲಿ ಬಂದ ಒಬ್ಬರು ನಮ್ಮೆಲ್ಲರಿಗಿಂತ ಹೆಚ್ಚು ಎತ್ತಿದರು. ಪ್ಯಾರಾ ಪವರ್‌ಲಿಫ್ಟಿಂಗಿನಲ್ಲಿ ಇರುವುದೇ ಬೆಂಚ್ ಪ್ರೆಸ್ ಒಂದು, ಕಾಲನ್ನೂ ಬೆಂಚಿನ ಮೇಲೇ ಚಾಚಿ, ನೆಲದ ಆಸರೆ ಇಲ್ಲದೆ ಎತ್ತುತ್ತಾರೆ. ಬೆಂಗಳೂರಿನ ಫರ್ಮಾನ್ ಬಾಷಾ ಅರ್ಜುನ ಪ್ರಶಸ್ತಿ ಪಡೆದದ್ದು, 2016ರ ರಿಯೊ ಪ್ಯಾರಾಲಿಂಪಿಕ್ಸಿನಲ್ಲಿ 49 ಕಿಲೋ ವರ್ಗದಲ್ಲಿ ನಾಲ್ಕನೆಯವರಾದದ್ದು ಈ ಒಂದೇ ಎತ್ತುವಿಕೆಯಿಂದ. ಅವರು ಅಲ್ಲಿ ಎತ್ತಿದ್ದು 140 ಕಿಲೋ. ಶೇಕಡಾದ ಹುಚ್ಚು ಹತ್ತಿದವನು ಕೂಡಲೇ ಲೆಕ್ಕ ಹಾಕಿದೆ: ಆ ವರ್ಗದ ಮೈತೂಕದ ಹೆಚ್ಚುಕಡಿಮೆ ಶೇ. 286.

ನಾನು ಎಂಬತ್ತು ಎತ್ತಿದೆ. ಎಂಬತ್ತೇಳೂವರೆ ಎತ್ತಿದೆ. ಮೂರನೆಯದಕ್ಕೆ ತೊಂಬತ್ತು ಕೇಳಿದೆ. ರಾಡ್ ಎದೆಗೆ ತಾಗಿದ್ದೇ ತಡ ಚಿಮ್ಮಿಸಿ ಎತ್ತಿಬಿಟ್ಟೆ. ಅಷ್ಟು ಹಗುರ ಅದು ಯಾವತ್ತೂ ಬಂದಿರಲಿಲ್ಲ. ಮೂರೂ ಕೆಂಪು ದೀಪ. ತೀರ್ಪುಗಾರ ‘ಪ್ರೆಸ್’ ಎನ್ನುವ ಮುಂಚೆಯೇ ಎತ್ತಿದ್ದೆ. ಹತ್ತು ವಾರ ವೇಗ ಕಲಿತವನಿಗೆ ಒಂದು ಸೆಕೆಂಡ್ ಕಾಯಲಾಗಲಿಲ್ಲ. ಚೇಟ್ಟಾ ನೋಟ್‌ಬುಕ್ಕಿನಲ್ಲಿ 87.5 ಎಂದು ಬರೆದು, ತೊಂಬತ್ತರ ಮುಂದೆ ಗೆರೆ ಎಳೆದರು. ಮೂವತ್ತು ದಿನ ಬೆವರು ಸುರಿಸಿದ್ದಕ್ಕಿಂತ ಆ ಗೆರೆ ನೋಡುವುದು ಕಷ್ಟವಾಯಿತು.

‘ಎರಡೂವರಿ ಕಿಲೋ ಜಾಸ್ತಿ ಆತವ್ವಾ’ ಎಂದರೆ ಅವ್ವ, ‘ಎರಡೂವರಿ ಕಿಲೋ ತೊಗರಿಬ್ಯಾಳಿ ಆಗಿದ್ರ ಹದಿನೈದ್ ದಿನ ಬರ್ತಿತ್ತು’ ಎಂದಳು.

ಜನವರಿಯಲ್ಲಿ ತೊಗರಿ ರಾಶಿಗೆ ಊರಿಗೆ ಹೋದೆ. ಲಾವಣಿ ಹಿಡಿದ ಮೂರು ಎಕರೆ, ಮಳೆ ಕೈಕೊಟ್ಟ ವರ್ಷ, ಬಂದದ್ದು ಹದಿನಾಲ್ಕು ಚೀಲ. ಮಿಷಿನ್ನಿನಿಂದ ತುಂಬಿಸಿದ ಚೀಲಗಳನ್ನು ಹೊಲದ ಬದುವಿನಿಂದ ಟ್ರ್ಯಾಕ್ಟರಿಗೆ ಹಾಕಬೇಕಿತ್ತು. ಅಪ್ಪ ಹೊರುವಂತಿರಲಿಲ್ಲ. ಪಕ್ಕದ ಹೊಲದ ಕಾಕಾ ಒಬ್ಬ ಟ್ರೇಲರಿನ ಮೇಲೆ ನಿಂತು ಎಳೆದುಕೊಳ್ಳುತ್ತಿದ್ದ. ಅಪ್ಪ ಎಡಗೈ ಸೊಂಟದ ಮೇಲಿಟ್ಟು, ಹೇಗೆ ಕೂರಬೇಕು, ಚೀಲದ ಯಾವ ಮೂಲೆ ಹಿಡಿಯಬೇಕು, ಕುತ್ತಿಗೆಯ ಯಾವ ಜಾಗಕ್ಕೆ ತರಬೇಕು ಎಂದು ಹೇಳುತ್ತ ನಿಂತಿದ್ದ. ನನ್ನ ಬೆಂಚ್ ಪ್ರೆಸ್ ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಎರೆಮಣ್ಣಿನಲ್ಲಿ ಕಾಲು ಹೂತುಹೋಗುತ್ತಿತ್ತು, ಚೀಲ ರಾಡಿನಂತೆ ನೆಟ್ಟಗಿರದೆ ಒಳಗೊಳಗೇ ಜಾರುತ್ತಿತ್ತು. ಆರನೆಯದಕ್ಕೆ ತೊಡೆ ನಡುಗಿದವು. ಒಂಬತ್ತನೆಯದಕ್ಕೆ ನಿಂತು ಉಸಿರು ತೆಗೆದುಕೊಂಡೆ. ‘ಜಲ್ದಿ ತಮ್ಮಾ, ಟ್ರ್ಯಾಕ್ಟರ್ ನಿಂತಾದ’ ಎಂದ ಅಪ್ಪ.

ಹನ್ನೆರಡನೇ ಚೀಲ ಹೊತ್ತು ಟ್ರೇಲರಿನ ಕಡೆ ತಿರುಗಿದಾಗ ಮೊಣಕಾಲು ಮಡಚಿತು. ಬಿದ್ದೆ ಎನ್ನುವಷ್ಟರಲ್ಲಿ ಹಿಂದಿನಿಂದ ಭಾರ ಸ್ವಲ್ಪ ಹಗುರಾಯಿತು. ತಿರುಗಿ ನೋಡುವ ಹಾಗಿರಲಿಲ್ಲ. ತಂಬಾಕಿನ ವಾಸನೆ ಬಂತು. ನಾಲ್ಕು ಹೆಜ್ಜೆ ಹಾಕಿ ಚೀಲ ಮೇಲೆ ದಾಟಿಸಿದೆ. ಕಾಕಾ ಮೇಲಿನಿಂದ ‘ಹನ್ನೆರಡು’ ಎಂದು ಕೂಗಿದ.

ನಾನು ಮನಸ್ಸಿನಲ್ಲಿ ಹನ್ನೊಂದು ಎಂದೇ ಇಟ್ಟುಕೊಂಡು ಮುಂದಿನ ಚೀಲಕ್ಕೆ ಹೋದೆ.